ಪಂಚರು ತಿರುಗಿಬಿದ್ದರೆ ಪಿಸ್ತೂಲಿನ ಸಾಕ್ಷ್ಯ ಬಿದ್ದುಹೋಗುತ್ತದೆಯೇ?

ಪ್ರಶ್ನೆ: ನಾವು ವಿಜಯಪುರ ಜಿಲ್ಲೆಯವರು. ನನ್ನ ತಮ್ಮನಿಗೆ ಸೆಷನ್ಸ್ ಕೋರ್ಟ್ ಕೊಲೆಗೆ ಜೀವಾವಧಿ, ಲೈಸೆನ್ಸ್ ಇಲ್ಲದ ಪಿಸ್ತೂಲು ಇಟ್ಟುಕೊಂಡಿದ್ದಕ್ಕೆ ಮೂರು ವರ್ಷ, ಅದನ್ನು ಬಳಸಿದ್ದಕ್ಕೆ ಐದು ವರ್ಷ ಶಿಕ್ಷೆ ಕೊಟ್ಟು ಮೂರು ತಿಂಗಳಾಯಿತು. ಎಲ್ಲವನ್ನೂ ಏಕಕಾಲಕ್ಕೆ ಅನುಭವಿಸಬೇಕು ಎಂದು ತೀರ್ಪಿನಲ್ಲಿದೆ. ಘಟನೆ 2021ರದ್ದು, ಅಂದಿನಿಂದಲೂ ಅವನು ಜೈಲಿನಲ್ಲೇ ಇದ್ದಾನೆ. ಹೊಲದ ಬದುವಿನ ಜಗಳ ಮೊದಲಿನಿಂದ ಇತ್ತು. ರಾತ್ರಿ ಎಂಟರ ಸುಮಾರಿಗೆ ದಾಬಾ ಮುಂದೆ ಒಂದೇ ಗುಂಡು ಎದೆಗೆ ಬಿದ್ದಿದೆ. ಕಣ್ಣಾರೆ ಕಂಡವರೆಂದು ಪೊಲೀಸರು ಹೆಸರಿಸಿದ ಮೂವರಲ್ಲಿ ಇಬ್ಬರು ಕೋರ್ಟಿನಲ್ಲಿ ‘ನಮಗೇನೂ ಗೊತ್ತಿಲ್ಲ’ ಎಂದರು. ತೀರಿಕೊಂಡವರ ಭಾವಮೈದುನ ಮಾತ್ರ ‘ಹದಿನೈದು ಅಡಿ ದೂರದಿಂದ ಹೊಡೆದ, ನಾನು ನೋಡಿದೆ’ ಎಂದರು. ನಾಲ್ಕನೇ ದಿನ ತಮ್ಮನನ್ನು ಹಿಡಿದು, ಅವನೇ ಹೇಳಿದನೆಂದು, ನಮ್ಮ ಹೊಲದ ಕಣಿಕೆ ಬಣವೆಯಿಂದ ನಾಡ ಪಿಸ್ತೂಲು ತೆಗೆದೆವು ಎನ್ನುತ್ತಾರೆ. ಜಪ್ತಿಗೆ ಸಾಕ್ಷಿಯಾಗಿ ಸಹಿ ಹಾಕಿದ ಪಂಚರಿಬ್ಬರೂ ‘ಸ್ಟೇಷನ್ನಿನಲ್ಲಿ ಸಹಿ ಮಾಡಿದೆವು’ ಎಂದುಬಿಟ್ಟರು. ಆದರೆ ಸ್ಥಳದಲ್ಲಿ ಸಿಕ್ಕ ಖಾಲಿ ಕಾಡತೂಸು ಅದೇ ಪಿಸ್ತೂಲಿನಿಂದ ಹಾರಿದ್ದು ಎಂದು ವಿಧಿವಿಜ್ಞಾನ ಪ್ರಯೋಗಾಲಯದ (ಎಫ್‌ಎಸ್‌ಎಲ್) ವರದಿ ಬಂದಿದೆ. ಕೈಯಲ್ಲಿ ಮದ್ದಿನ ಗುರುತಾಗಲಿ, ಪಿಸ್ತೂಲಿನ ಮೇಲೆ ಬೆರಳಚ್ಚಾಗಲಿ ಸಿಕ್ಕಿಲ್ಲ. ಪಂಚರು ತಿರುಗಿಬಿದ್ದ ಮೇಲೆ ಕೇಸೇ ಇಲ್ಲ ಎಂದು ಕೆಲವರು, ಡಿ.ಸಿ. ಅನುಮತಿ ಸರಿಯಿಲ್ಲದಿದ್ದರೆ ಎಲ್ಲ ರದ್ದು ಎಂದು ಇನ್ನು ಕೆಲವರು ಹೇಳುತ್ತಾರೆ. ಮೇಲಕ್ಕೆ ಹೋದರೆ ಗಲ್ಲು ಆಗಬಹುದು ಎಂದು ಹೆದರಿಸುವವರೂ ಇದ್ದಾರೆ. ತಿರುಗಿಬಿದ್ದ ಒಬ್ಬರು ‘ಬೇಕಾದರೆ ಅಫಿಡವಿಟ್ ಕೊಡುತ್ತೇನೆ’ ಎನ್ನುತ್ತಿದ್ದಾರೆ. ನಾವು ಏನು ಮಾಡಬೇಕು?

ಉತ್ತರ: ಮೊದಲು ತಾರೀಖಿನ ವಿಷಯ, ಏಕೆಂದರೆ ಉಳಿದದ್ದೆಲ್ಲ ಅದರ ನಂತರ. ಜೀವಾವಧಿ ಶಿಕ್ಷೆಯ ವಿರುದ್ಧ ಹೈಕೋರ್ಟಿಗೆ ಅಪೀಲು ಹಾಕಲು ಕಾಲಮಿತಿ 60 ದಿನ. ಗಲ್ಲು ಶಿಕ್ಷೆಯಾದರೆ 30 ದಿನ. ತೀರ್ಪಿನ ದೃಢೀಕೃತ ನಕಲು ಪಡೆಯಲು ಹಿಡಿದ ದಿನಗಳು ಈ ಲೆಕ್ಕದಿಂದ ಕಳೆಯುತ್ತವೆ. ಮೂರು ತಿಂಗಳಾಗಿದ್ದರೆ ನೀವು ಬಹುಶಃ ಗಡುವು ದಾಟಿದ್ದೀರಿ, ಆದರೆ ಬಾಗಿಲು ಮುಚ್ಚಿಲ್ಲ. ಅಪೀಲಿನ ಜೊತೆಗೆ ವಿಳಂಬ ಮನ್ನಿಸಬೇಕೆಂಬ ಅರ್ಜಿ, ತಡವಾದದ್ದು ಯಾಕೆಂದು ಹೇಳುವ ಅಫಿಡವಿಟ್ ಹಾಕಬೇಕು. ಜೈಲಿನಲ್ಲಿರುವವನ ಅಪೀಲನ್ನು ಒಂದೆರಡು ತಿಂಗಳ ತಡಕ್ಕಾಗಿ ಹೈಕೋರ್ಟ್ ಹೊರಗೆ ಹಾಕುವುದು ಅಪರೂಪ. ಆದರೂ ‘ವಕೀಲರು ಹೇಳಲಿಲ್ಲ’ ಎಂಬ ಒಂದು ಸಾಲಿಗಿಂತ, ಯಾವ ದಿನ ನಕಲು ಸಿಕ್ಕಿತು, ಯಾವ ದಿನ ಯಾರನ್ನು ಕಂಡಿರಿ ಎಂಬ ವಿವರ ಕೊಡುವುದು ಒಳ್ಳೆಯದು. ತೀರ್ಪಿನ ಒಂದು ಪ್ರತಿಯನ್ನು ಶಿಕ್ಷೆಗೊಳಗಾದವನಿಗೆ ಅಂದೇ ಪುಕ್ಕಟೆ ಕೊಡಬೇಕು ಎಂಬುದು ಕಾನೂನು. ಅದು ತಮ್ಮನ ಕೈಯಲ್ಲಿರಬೇಕು, ಕೇಳಿ ನೋಡಿ.

ವಿಜಯಪುರದ ಅಪೀಲು ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಹೋಗುತ್ತದೆ. ಇಬ್ಬರು ನ್ಯಾಯಮೂರ್ತಿಗಳ ಪೀಠ ಕೇಳುತ್ತದೆ. ಘಟನೆ 2021ರದ್ದಾದ್ದರಿಂದ ಅಪರಾಧ ಇನ್ನೂ ಭಾರತೀಯ ದಂಡ ಸಂಹಿತೆಯ 302ನೇ ಕಲಮಿನದೇ. 2024ರ ಜುಲೈ 1ರಿಂದ ಬಂದ ನ್ಯಾಯ ಸಂಹಿತೆ ಹಳೆಯ ಘಟನೆಗೆ ಅನ್ವಯಿಸದು. ಅಪೀಲಿನ ಕಾರ್ಯವಿಧಾನಕ್ಕೆ ಮಾತ್ರ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 374(2), ಹೊಸ ನಾಗರಿಕ ಸುರಕ್ಷಾ ಸಂಹಿತೆಯ 415(2) ಎರಡನ್ನೂ ಅರ್ಜಿಯ ತಲೆಬರಹದಲ್ಲಿ ನಮೂದಿಸಿದರೆ ಆಕ್ಷೇಪಣೆಯ ಗೊಡವೆ ತಪ್ಪುತ್ತದೆ.

ಈಗ ಗಲ್ಲಿನ ಭಯ. ಶಿಕ್ಷೆಗೊಳಗಾದವನೇ ಹಾಕಿದ ಅಪೀಲಿನಲ್ಲಿ ಹೈಕೋರ್ಟ್ ಶಿಕ್ಷೆಯನ್ನು ಹೆಚ್ಚಿಸುವಂತಿಲ್ಲ. ಹೆಚ್ಚಿಸಬೇಕಾದರೆ ಸರ್ಕಾರ ಪ್ರತ್ಯೇಕ ಅಪೀಲು ಹಾಕಬೇಕು, ಇಲ್ಲವೇ ಕೋರ್ಟ್ ತಾನಾಗಿ ನೋಟಿಸ್ ಕೊಟ್ಟು ನಿಮ್ಮ ಕಡೆಯವರ ಮಾತು ಕೇಳಬೇಕು. ಒಂದು ಗುಂಡಿನ, ಬದುವಿನ ಜಗಳದ ಕೇಸಿನಲ್ಲಿ ಅದನ್ನು ಯೋಚಿಸಿ ಅಪೀಲು ಬಿಡುವುದರಲ್ಲಿ ಅರ್ಥವಿಲ್ಲ. ತೀರಿಕೊಂಡವರ ಮನೆಯವರು ಶಿಕ್ಷೆ ಕಡಿಮೆಯಾಯಿತು ಎಂಬ ಒಂದೇ ಕಾರಣಕ್ಕೆ ಅಪೀಲು ಹಾಕಲು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಖುಲಾಸೆ, ಚಿಕ್ಕ ಅಪರಾಧಕ್ಕೆ ಇಳಿಸಿದ್ದು, ಪರಿಹಾರ ಸಾಲದ್ದು, ಈ ಮೂರಕ್ಕೆ ಮಾತ್ರ ಅವರಿಗೆ ಅಪೀಲಿನ ಹಕ್ಕು.

ಮೂರು ಬೇರೆ ಬೇರೆ ಮಾತುಗಳು

ಇಂಥ ಕೇಸಿನಲ್ಲಿ ಜನ ಎಡವುವುದು ಎಲ್ಲವನ್ನೂ ಒಂದೇ ಗಂಟಾಗಿ ಕಟ್ಟಿ ನೋಡುವುದರಲ್ಲಿ. ಪಿಸ್ತೂಲು ಸಿಕ್ಕಿತು ಎಂಬುದು ಒಂದು. ದಾಬಾ ಮುಂದೆ ಹಾರಿದ ಗುಂಡು ಅದೇ ಪಿಸ್ತೂಲಿನದು ಎಂಬುದು ಎರಡನೆಯದು. ಹಾರಿಸಿದ ಕೈ ಇವನದೇ ಎಂಬುದು ಮೂರನೆಯದು. ಪ್ರಾಸಿಕ್ಯೂಷನ್ ಮೂರನ್ನೂ ಬೇರೆ ಬೇರೆ ಸಾಕ್ಷ್ಯದಿಂದ ರುಜುವಾತು ಮಾಡಬೇಕು. ಒಂದು ಕುಸಿದರೆ ಉಳಿದೆರಡು ತಾನಾಗಿಯೇ ಕುಸಿಯುವುದಿಲ್ಲ. ಒಂದು ಗಟ್ಟಿಯಾಗಿ ನಿಂತರೂ ಅಷ್ಟರಿಂದಲೇ ಕೊಲೆ ರುಜುವಾತಾಗುವುದೂ ಇಲ್ಲ. ಹೈಕೋರ್ಟ್ ಇಡೀ ಸಾಕ್ಷ್ಯವನ್ನು ಹೊಸದಾಗಿ ತೂಗುತ್ತದೆ, ಸೆಷನ್ಸ್ ನ್ಯಾಯಾಧೀಶರ ಅಭಿಪ್ರಾಯಕ್ಕೆ ಕಟ್ಟುಬಿದ್ದಿಲ್ಲ. ಆದರೆ ತೂಗುವುದು ಕಡತದಲ್ಲಿ ಇರುವುದನ್ನು ಮಾತ್ರ. ಊರಿಗೆಲ್ಲ ಗೊತ್ತಿರುವ ವಿಷಯ ಕಡತದಲ್ಲಿ ಇಲ್ಲದಿದ್ದರೆ ಅಲ್ಲಿ ಅದಕ್ಕೆ ಬೆಲೆಯಿಲ್ಲ.

ಪಿಸ್ತೂಲು ಸಿಕ್ಕಿದ್ದು. ಪಂಚರು ತಿರುಗಿಬಿದ್ದರೆ ಜಪ್ತಿ ಹೋಯಿತು ಎಂಬುದು ಎಷ್ಟು ಹಳೆಯ ನಂಬಿಕೆಯೋ ಅಷ್ಟೇ ತಪ್ಪು. ತನಿಖಾಧಿಕಾರಿಯ ಸಾಕ್ಷ್ಯ ನಂಬುವಂತಿದ್ದರೆ ಅದೊಂದರಿಂದಲೇ ಜಪ್ತಿ ರುಜುವಾತಾಗಬಹುದು ಎಂದು ಸುಪ್ರೀಂ ಕೋರ್ಟ್ 1978ರ ಮೋದನ್ ಸಿಂಗ್ ಪ್ರಕರಣದಲ್ಲಿ ಹೇಳಿತ್ತು. ನಮ್ಮ ರಾಜ್ಯದಿಂದಲೇ ಹೋದ ಮಲ್ಲಿಕಾರ್ಜುನ ಪ್ರಕರಣದಲ್ಲಿ 2019ರಲ್ಲಿ ಮತ್ತೆ ಅದನ್ನೇ ಹೇಳಿದೆ. ಬಣವೆ ಬಯಲಲ್ಲಿತ್ತು, ಯಾರು ಬೇಕಾದರೂ ಇಡಬಹುದಿತ್ತು ಎಂಬ ವಾದವೂ ನೀವು ಅಂದುಕೊಂಡಷ್ಟು ಬಲವಾದದ್ದಲ್ಲ. ಜಾಗ ಎಲ್ಲರಿಗೂ ತೆರೆದಿತ್ತೇ ಎನ್ನುವುದಕ್ಕಿಂತ, ವಸ್ತು ಹೋಗಿಬರುವವರ ಕಣ್ಣಿಗೆ ಬೀಳುವಂತಿತ್ತೇ ಎಂಬುದೇ ಮುಖ್ಯ ಎನ್ನುವುದು 1999ರ ಜೀತ್ ಸಿಂಗ್ ತೀರ್ಪು. ಬಣವೆಯ ಬುಡದಲ್ಲಿ ಕಣಿಕೆ ಸರಿಸಿ ತೆಗೆದದ್ದು ಎಂದರೆ ಹೂತಿಟ್ಟದ್ದೇ ಆಯಿತು.

ಹಾಗಾದರೆ ಇಲ್ಲಿ ಏನನ್ನು ಹಿಡಿಯಬೇಕು? ತನಿಖಾಧಿಕಾರಿ ಸಾಕ್ಷಿಕಟ್ಟೆಯಲ್ಲಿ ಏನು ಹೇಳಿದ್ದಾರೆ ಎಂಬುದನ್ನು. ಪೊಲೀಸರ ಮುಂದೆ ಆರೋಪಿ ಹೇಳಿದ್ದು ಸಾಕ್ಷ್ಯವಲ್ಲ. ಹಳೆಯ, 1872ರ ಸಾಕ್ಷ್ಯ ಅಧಿನಿಯಮದ 27ನೇ ಕಲಮಿನಲ್ಲಿ ಇರುವುದು ಒಂದು ಸಣ್ಣ ಕಿಂಡಿ: ಆ ಹೇಳಿಕೆಯಿಂದ ಯಾವ ವಸ್ತು ಪತ್ತೆಯಾಯಿತೋ, ಅದಕ್ಕೆ ನೇರ ಸಂಬಂಧಪಟ್ಟಷ್ಟು ಭಾಗ ಮಾತ್ರ ಒಳಗೆ ಬರುತ್ತದೆ. ‘ಪಿಸ್ತೂಲನ್ನು ಬಣವೆಯಲ್ಲಿ ಇಟ್ಟಿದ್ದೇನೆ, ಬಂದರೆ ತೋರಿಸುತ್ತೇನೆ’ ಎಂಬುದು ಬರುತ್ತದೆ. ‘ಅದರಿಂದಲೇ ಹೊಡೆದೆ’ ಎಂಬುದು ಬರುವುದಿಲ್ಲ. ಬ್ರಿಟಿಷರ ಆಳ್ವಿಕೆಯಲ್ಲಿ ಕೊನೆಯ ಅಪೀಲು ಕೇಳುತ್ತಿದ್ದ ಪ್ರಿವಿ ಕೌನ್ಸಿಲ್ ಕಾಲದ ಪುಲುಕುರಿ ಕೊಟ್ಟಯ್ಯ ತೀರ್ಪಿನಿಂದ ಇವತ್ತಿನವರೆಗೂ ಈ ಗೆರೆ ಬದಲಾಗಿಲ್ಲ. ನಿಮ್ಮ ಕೇಸಿನ ಸ್ವಇಚ್ಛಾ ಹೇಳಿಕೆಯನ್ನು ಇಡಿಯಾಗಿ ನಿ.ಪಿ. (ಪ್ರಾಸಿಕ್ಯೂಷನ್ ಕಡೆಯ ದಾಖಲೆ) ಎಂದು ಗುರುತು ಮಾಡಿ, ತೀರ್ಪಿನಲ್ಲಿ ‘ಆರೋಪಿ ಒಪ್ಪಿಕೊಂಡಿದ್ದಾನೆ’ ಎಂಬ ಧಾಟಿಯಲ್ಲಿ ಬರೆದಿದ್ದರೆ ಅದು ಅಪೀಲಿನ ಮೊದಲ ಪ್ಯಾರಾಕ್ಕೆ ಯೋಗ್ಯವಾದ ತಪ್ಪು.

2022ರ ಸುಬ್ರಮಣ್ಯ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣವನ್ನು ನಿಮ್ಮ ವಕೀಲರು ಓದಿಯೇ ಓದಿರುತ್ತಾರೆ. ಆರೋಪಿ ಆಡಿದ ಮಾತನ್ನು ತನಿಖಾಧಿಕಾರಿ ತನ್ನ ಸಾಕ್ಷ್ಯದಲ್ಲಿ ಅವನ ಮಾತಿನಲ್ಲೇ ಹೇಳಬೇಕು, ಆ ಮಾತು ಆಡುವಾಗಲೇ ಪಂಚರು ಅಲ್ಲಿರಬೇಕು, ಪಂಚನಾಮೆಯ ಒಳಗಿನ ವಿಷಯವನ್ನು ಸಾಕ್ಷಿಕಟ್ಟೆಯಲ್ಲಿ ರುಜುವಾತು ಮಾಡಬೇಕು ಎಂದು ಅಲ್ಲಿ ಹೇಳಿದೆ. ಬಹುತೇಕ ಕೇಸುಗಳಲ್ಲಿ ಆಗುವುದು ಬೇರೆ. ಸ್ಟೇಷನ್ನಿನಲ್ಲಿ ಹೇಳಿಕೆ ಬರೆದು ಮುಗಿಸಿದ ಮೇಲೆ ಪಂಚರನ್ನು ಕರೆಸುತ್ತಾರೆ. ಕೋರ್ಟಿನಲ್ಲಿ ಅಧಿಕಾರಿ ‘ಆರೋಪಿಯ ಹೇಳಿಕೆ ಮೇರೆಗೆ ಪಿಸ್ತೂಲು ಜಪ್ತಿ ಮಾಡಿದೆ’ ಎಂದು ಒಂದು ಸಾಲು ಹೇಳಿ, ಪಂಚನಾಮೆಯ ಸಹಿ ಗುರುತಿಸಿ ಇಳಿದುಹೋಗುತ್ತಾರೆ. ಪಂಚರು ಬೆಂಬಲಿಸಿದ್ದರೆ ಆ ಕೊರತೆ ಮುಚ್ಚಿಹೋಗುತ್ತಿತ್ತೇನೋ. ಪಂಚರಿಬ್ಬರೂ ತಿರುಗಿಬಿದ್ದಾಗ ಭಾರವೆಲ್ಲ ಆ ಒಂದು ಸಾಲಿನ ಮೇಲೆ ಬೀಳುತ್ತದೆ. ಪಂಚರು ತಿರುಗಿಬಿದ್ದದ್ದರ ನಿಜವಾದ ಲಾಭ ಇಷ್ಟೇ, ಆದರೆ ಇದು ಚಿಕ್ಕದಲ್ಲ.

ಹೊಲ ಯಾರದು ಎಂಬುದನ್ನೂ ನೋಡಿ. ಪಹಣಿಯಲ್ಲಿ ತಂದೆಯ ಅಥವಾ ಅಣ್ಣತಮ್ಮಂದಿರ ಜಂಟಿ ಹೆಸರಿದ್ದರೆ, ಆಯುಧ ಕಾಯಿದೆ ಕೇಳುವ ಸ್ವಾಧೀನ ಯಾರದು ಎಂಬ ಪ್ರಶ್ನೆ ಏಳುತ್ತದೆ. ಸ್ವಾಧೀನ ಎಂದರೆ ಕೈಯಲ್ಲೇ ಹಿಡಿದಿರಬೇಕಿಲ್ಲ. ಗೊತ್ತಿದ್ದು, ತನ್ನ ಹಿಡಿತದಲ್ಲಿ ಇಟ್ಟುಕೊಂಡಿದ್ದರೆ ಸಾಕು ಎಂದು 1972ರ ಗುಣವಂತಲಾಲ್ ತೀರ್ಪು ಹೇಳುತ್ತದೆ. ‘ನಾನೇ ಇಟ್ಟಿದ್ದೇನೆ’ ಎಂಬ ಮಾತು ಸರಿಯಾಗಿ ರುಜುವಾತಾಗಿದ್ದರೆ ಜಂಟಿ ಹೊಲದ ವಾದ ಉಪಯೋಗಕ್ಕೆ ಬಾರದು. ಆಗಿರದಿದ್ದರೆ ಬರುತ್ತದೆ.

ಕಾಡತೂಸಿನ ಪ್ರಯಾಣ

ನಿಮ್ಮ ಕೇಸಿನ ಜೀವ ಇರುವುದು ಎಫ್‌ಎಸ್‌ಎಲ್ ವರದಿಯಲ್ಲಿ. ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾಡ ಪಿಸ್ತೂಲಿನ ನಳಿಕೆಯ ಒಳಮೈ ಸಾಮಾನ್ಯವಾಗಿ ನುಣುಪಾಗಿರುತ್ತದೆ. ಕಾರ್ಖಾನೆಯ ಪಿಸ್ತೂಲಿನಲ್ಲಿರುವಂಥ ಸುರುಳಿ ಗೀರು ಇರುವುದಿಲ್ಲ. ಹಾಗಾಗಿ ದೇಹದಿಂದ ತೆಗೆದ ಗುಂಡನ್ನು ನಳಿಕೆಗೆ ಹೊಂದಿಸುವುದು ಕಷ್ಟ, ಚರೆಯಾದರೆ ಆಗುವುದೇ ಇಲ್ಲ. ಹೊಂದಿಸಲು ಸಿಗುವುದು ಖಾಲಿ ಕಾಡತೂಸು. ಅದರ ಹಿಂಬದಿಯಲ್ಲಿ ಫೈರಿಂಗ್ ಪಿನ್ ಕುಟ್ಟಿದ ಗುಳಿ, ಅದರ ಸುತ್ತ ಪಿಸ್ತೂಲಿನ ಹಿಂಗೋಡೆಯ ಒರಟು ಮೈ ಒತ್ತಿದ ಗುರುತು ಬಿದ್ದಿರುತ್ತದೆ. ಕೈಯಲ್ಲಿ ಅರ ಹಾಕಿ ಮಾಡಿದ ಪಿನ್ನು ಒಂದರಂತೆ ಇನ್ನೊಂದು ಇರದ ಕಾರಣ ನಾಡ ಪಿಸ್ತೂಲಿನಲ್ಲಿ ಈ ಗುರುತು ಹೆಚ್ಚು ಸ್ಪಷ್ಟ. ಪ್ರಯೋಗಾಲಯದಲ್ಲಿ ಅದೇ ಪಿಸ್ತೂಲಿನಿಂದ ಪರೀಕ್ಷಾರ್ಥ ಗುಂಡು ಹಾರಿಸಿ, ಎರಡೂ ಕಾಡತೂಸುಗಳನ್ನು ಹೋಲಿಕೆ ಸೂಕ್ಷ್ಮದರ್ಶಕದ ಕೆಳಗೆ ಅಕ್ಕಪಕ್ಕ ಇಟ್ಟು ನೋಡುತ್ತಾರೆ. ಇಂಥ ಹೋಲಿಕೆಯನ್ನು ನೆಚ್ಚಿ 1958ರ ಕಲುವಾ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ನಾಡ ಪಿಸ್ತೂಲಿನ ಕೊಲೆ ಶಿಕ್ಷೆಯನ್ನು ಎತ್ತಿಹಿಡಿದಿದೆ. ವಿಜ್ಞಾನದ ಮೇಲೆ ಮುಗಿಬೀಳುವ ವಾದದಿಂದ ಹೆಚ್ಚು ಸಿಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಸಿಗುವುದಾದರೆ ಪೊಟ್ಟಣದ ಪ್ರಯಾಣದಲ್ಲಿ ಸಿಗುತ್ತದೆ.

ಖಾಲಿ ಕಾಡತೂಸು ಘಟನೆಯ ರಾತ್ರಿ ಅಥವಾ ಮರುದಿನ ಬೆಳಿಗ್ಗೆ ಸ್ಥಳ ಪಂಚನಾಮೆಯಲ್ಲಿ ಸಿಕ್ಕಿರಬೇಕು. ಪಿಸ್ತೂಲು ನಾಲ್ಕನೇ ದಿನ. ಮಧ್ಯದ ಮೂರು ದಿನ ಕಾಡತೂಸು ಎಲ್ಲಿತ್ತು? ಅದನ್ನು ಅಂದೇ ಬಟ್ಟೆಯಲ್ಲಿ ಸುತ್ತಿ ಅರಗಿನ ಮೊಹರು ಹಾಕಿ, ಪಿ.ಎಫ್. (ಜಪ್ತಿಯಾದ ವಸ್ತುವನ್ನು ದಾಖಲಿಸುವ ನಮೂನೆ) ಸಂಖ್ಯೆ ಕೊಟ್ಟು, ಮ್ಯಾಜಿಸ್ಟ್ರೇಟ್ ಕೋರ್ಟಿಗೆ ವರದಿ ಮಾಡಿದ್ದರೆ ಪ್ರಾಸಿಕ್ಯೂಷನ್ ಕ್ಷೇಮ. ಪಿಸ್ತೂಲು ಸಿಗುವವರೆಗೂ ಠಾಣೆಯಲ್ಲೇ ಇಟ್ಟು, ಆಮೇಲೆ ಎರಡನ್ನೂ ಒಟ್ಟಿಗೆ ಮೊಹರು ಮಾಡಿ ಕಳಿಸಿದ್ದರೆ, ಸಿಕ್ಕ ಪಿಸ್ತೂಲಿನಿಂದ ಠಾಣೆಯಲ್ಲಿ ಇನ್ನೊಂದು ಕಾಡತೂಸು ಹಾರಿಸಿ ಪೊಟ್ಟಣಕ್ಕೆ ಸೇರಿಸಲಿಲ್ಲ ಎಂದು ಹೇಳುವುದು ಹೇಗೆ ಎಂಬ ಪ್ರಶ್ನೆಗೆ ಅವರ ಬಳಿ ಉತ್ತರ ಇರುವುದಿಲ್ಲ. ಹೋಲಿಕೆ ನೂರಕ್ಕೆ ನೂರು ಸರಿಯಿದ್ದರೂ ಆಗ ಅದಕ್ಕೆ ಬೆಲೆ ಇಲ್ಲ.

ಇದನ್ನು ನೋಡಲು ಐದು ಕಾಗದ ಸಾಕು: ಸ್ಥಳ ಪಂಚನಾಮೆ, ಎರಡು ಪಿ.ಎಫ್.ಗಳು, ಎಫ್‌ಎಸ್‌ಎಲ್‌ಗೆ ಬರೆದ ಪತ್ರ, ಎಫ್‌ಎಸ್‌ಎಲ್ ಕೊಟ್ಟ ಸ್ವೀಕೃತಿ. ಒಂದು ಹಾಳೆಯಲ್ಲಿ ತಾರೀಖಿನ ಪ್ರಕಾರ ಬರೆದುಕೊಳ್ಳಿ. ಕಾಡತೂಸಿನ ತಳದ ಮೇಲಿನ ಅಚ್ಚು ಪಂಚನಾಮೆಯಲ್ಲೂ ವರದಿಯಲ್ಲೂ ಒಂದೇ ಇದೆಯೇ ಎಂದು ಅಕ್ಷರ ಅಕ್ಷರ ಹೋಲಿಸಿ. ಪಂಚನಾಮೆಯಲ್ಲಿ ಬರೀ ‘ಒಂದು ಖಾಲಿ ಕಾಡತೂಸು’ ಎಂದಿದ್ದು, ಅಳತೆ, ಬಣ್ಣ, ಅಚ್ಚು ಏನೂ ಇಲ್ಲದಿದ್ದರೆ ಅದೂ ಒಂದು ಅಂಶ. ಮೊಹರಿನ ಮಾದರಿ ಯಾರ ಬಳಿ ಇತ್ತು, ಪೊಟ್ಟಣ ಒಯ್ದ ಕಾನ್‌ಸ್ಟೇಬಲ್‌ನನ್ನು ಸಾಕ್ಷಿಯಾಗಿ ವಿಚಾರಿಸಿದ್ದಾರೆಯೇ, ಮೊಹರು ಹಾಗೇ ಇತ್ತು ಎಂದು ಪ್ರಯೋಗಾಲಯ ಬರೆದಿದೆಯೇ? ಜಪ್ತಿಯಾದ ಮೇಲೆ ಕಳಿಸಲು ಇಪ್ಪತ್ತು ದಿನ ತಡವಾದರೆ ಅಷ್ಟಕ್ಕೇ ಕೇಸು ಹೋಗುವುದಿಲ್ಲ. ತಡದ ಜೊತೆಗೆ ಇವುಗಳಲ್ಲಿ ಒಂದೆರಡು ಸೇರಿದರೆ ಹೋಗಬಹುದು.

ವರದಿಗೆ ಸಹಿ ಹಾಕಿದವರ ಹುದ್ದೆಯನ್ನೂ ನೋಡಿ. ಪ್ರಯೋಗಾಲಯದ ನಿರ್ದೇಶಕ, ಉಪನಿರ್ದೇಶಕ, ಸಹಾಯಕ ನಿರ್ದೇಶಕರ ವರದಿಯನ್ನು ಅವರನ್ನು ಕರೆಸದೆಯೇ ಓದಿಕೊಳ್ಳಲು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 293ನೇ ಕಲಮು ಅವಕಾಶ ಕೊಡುತ್ತದೆ. ಅದಕ್ಕಿಂತ ಕೆಳಗಿನ ಅಧಿಕಾರಿಯ ಸಹಿಯಿದ್ದು, ಅವರನ್ನು ಸರ್ಕಾರ ಅಧಿಸೂಚನೆಯಲ್ಲಿ ಹೆಸರಿಸಿರದಿದ್ದರೆ, ಅವರು ಬಂದು ಸಾಕ್ಷ್ಯ ಹೇಳಲೇಬೇಕಿತ್ತು. ಹಾಗೆಯೇ, ಆರೋಪಿಯನ್ನು ಕೊನೆಯಲ್ಲಿ ಪ್ರಶ್ನೆ ಕೇಳುವ 313ರ ಹಂತದಲ್ಲಿ ಈ ವರದಿಯ ಬಗ್ಗೆ ಒಂದು ಪ್ರಶ್ನೆಯಾದರೂ ಇತ್ತೇ? ಆರೋಪಿಯ ಮುಂದೆ ಇಡದ ಸಂಗತಿಯನ್ನು ಅವನ ವಿರುದ್ಧ ಬಳಸಬಾರದು ಎಂಬುದು 1984ರ ಶರದ್ ಬಿರ್ಧಿಚಂದ್ ಸಾರದಾ ತೀರ್ಪಿನಲ್ಲೇ ಇದೆ. ‘ಎಲ್ಲ ಸಾಕ್ಷಿಗಳೂ ನಿನ್ನ ವಿರುದ್ಧ ಹೇಳಿದ್ದಾರೆ, ಏನು ಹೇಳುತ್ತೀ’ ಎಂಬ ಒಂದೇ ಪ್ರಶ್ನೆಯಲ್ಲಿ ಮುಗಿಸಿದ 313 ಹೇಳಿಕೆಗಳು ಕಡಿಮೆಯೇನಿಲ್ಲ. ಆದರೆ ಎಚ್ಚರ, ಇದರಿಂದ ಹಾನಿಯಾಯಿತು ಎಂದು ತೋರಿಸಬೇಕು. ಜೊತೆಗೆ ಕೇಸನ್ನು ಆ ಹಂತಕ್ಕೆ ವಾಪಸು ಕಳಿಸುವ ಸಾಧ್ಯತೆಯೂ ಇರುತ್ತದೆ.

ಕೈಯಲ್ಲಿ ಮದ್ದಿನ ಗುರುತು ಇಲ್ಲ, ಬೆರಳಚ್ಚು ಇಲ್ಲ ಎಂಬುದನ್ನು ದೊಡ್ಡದು ಮಾಡಬೇಡಿ. ಸೀಸ, ಬೇರಿಯಂ, ಆಂಟಿಮನಿಯ ಆ ಕಣಗಳು ಬದುಕಿರುವ ಮನುಷ್ಯನ ಕೈಯಿಂದ ಕೆಲವೇ ಗಂಟೆಗಳಲ್ಲಿ ಉದುರಿಹೋಗುತ್ತವೆ, ತೊಳೆದರೆ ಕೂಡಲೇ. ನಾಲ್ಕನೇ ದಿನ ಹಿಡಿದವನಲ್ಲಿ ಅವು ಸಿಗದಿರುವುದು ಸಹಜ. ಒರಟು ಕಬ್ಬಿಣದ, ಕಣಿಕೆಯಲ್ಲಿ ಉಜ್ಜಿದ ಪಿಸ್ತೂಲಿನ ಮೇಲೆ ಓದಬಲ್ಲ ಬೆರಳಚ್ಚು ಸಿಗುವುದೂ ಅಪರೂಪವೇ. ಇದನ್ನೇ ಹಿಡಿದು ವಾದಿಸಿದರೆ ನ್ಯಾಯಮೂರ್ತಿಗಳ ತಾಳ್ಮೆ ಕರಗುತ್ತದೆ.

ಪಿಸ್ತೂಲು ಬಿದ್ದರೆ ಕೊಲೆಯೂ ಬೀಳುತ್ತದೆಯೇ

ಬೀಳಲೇಬೇಕೆಂದಿಲ್ಲ. ದೆಹಲಿಯ ಜೆಸ್ಸಿಕಾ ಲಾಲ್ ಕೊಲೆ ಪ್ರಕರಣದಲ್ಲಿ ಆಯುಧ ಸಿಗಲೇ ಇಲ್ಲ. ಸ್ಥಳದಲ್ಲಿ ಸಿಕ್ಕ ಎರಡು ಖಾಲಿ ಕಾಡತೂಸು ಎರಡು ಬೇರೆ ಬೇರೆ ಆಯುಧದವು ಎಂಬ ವಾದಕ್ಕೆ ಮಣಿದು ವಿಚಾರಣಾ ನ್ಯಾಯಾಲಯ 2006ರ ಫೆಬ್ರುವರಿಯಲ್ಲಿ ಖುಲಾಸೆ ಮಾಡಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಹೈಕೋರ್ಟ್ ಅದನ್ನು ತಿರುಗಿಸಿ ಜೀವಾವಧಿ ವಿಧಿಸಿತು, 2010ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅಲ್ಲೂ ಸಾಕ್ಷಿಗಳು ಸಾಲಾಗಿ ತಿರುಗಿಬಿದ್ದಿದ್ದರು. ಇನ್ನೊಂದು ಕಡೆ, 1995ರ ಸುಖವಂತ್ ಸಿಂಗ್ ಪ್ರಕರಣದಲ್ಲಿ ಪಿಸ್ತೂಲು, ಖಾಲಿ ಕಾಡತೂಸು ಎರಡೂ ಸಿಕ್ಕಿದ್ದರೂ ಹೋಲಿಕೆಗೆ ಕಳಿಸದೇ ಇದ್ದದ್ದು ಪ್ರಾಸಿಕ್ಯೂಷನ್‌ಗೆ ಮಾರಕವಾಯಿತು. ಕಣ್ಣಾರೆ ಕಂಡ ಸಾಕ್ಷ್ಯ ಎಷ್ಟು ಗಟ್ಟಿ ಎಂಬುದರ ಮೇಲೆ ಪಿಸ್ತೂಲಿನ ಅಗತ್ಯ ನಿಲ್ಲುತ್ತದೆ.

ಆದ್ದರಿಂದ ಭಾವಮೈದುನನ ಸಾಕ್ಷ್ಯ. ಒಬ್ಬನೇ ಸಾಕ್ಷಿ ಎಂಬುದಾಗಲಿ, ಸಂಬಂಧಿ ಎಂಬುದಾಗಲಿ ದೋಷವಲ್ಲ. ಸಾಕ್ಷಿಗಳನ್ನು ಎಣಿಸುವುದಲ್ಲ, ತೂಗುವುದು ಎಂದು 1957ರಲ್ಲೇ ವಡಿವೇಲು ತೇವರ್ ಪ್ರಕರಣದಲ್ಲಿ ಹೇಳಿದೆ. ಹತ್ತಿರದ ಸಂಬಂಧಿ ನಿಜವಾದ ಕೊಲೆಗಾರನನ್ನು ಬಿಟ್ಟು ಬೇರೆಯವನನ್ನು ಸಿಕ್ಕಿಸುವುದು ಸಾಮಾನ್ಯವಲ್ಲ ಎಂಬುದು 1953ರ ದಲೀಪ್ ಸಿಂಗ್ ತೀರ್ಪಿನ ಮಾತು. ಅವರು ಆ ಹೊತ್ತಿಗೆ ದಾಬಾದಲ್ಲಿ ನಿಜಕ್ಕೂ ಇದ್ದರೇ ಎಂಬುದನ್ನೇ ಕೆದಕಬೇಕು. ದೂರು ಕೊಟ್ಟವರು ಯಾರು, ಎಫ್‌ಐಆರ್‌ನಲ್ಲಿ ಅವರ ಹೆಸರು ಸಾಕ್ಷಿಯಾಗಿ ಇದೆಯೇ? ಎಫ್‌ಐಆರ್ ಮ್ಯಾಜಿಸ್ಟ್ರೇಟರ ಮನೆ ತಲುಪಿದ ಗಂಟೆ ಅದರ ಮೂಲೆಯಲ್ಲೇ ಬರೆದಿರುತ್ತದೆ. ರಾತ್ರಿ ಹತ್ತಕ್ಕೆ ದಾಖಲಾದದ್ದು ಮರುದಿನ ಸಂಜೆ ತಲುಪಿದ್ದರೆ ಮಧ್ಯೆ ಹೆಸರುಗಳು ಸೇರಿದವೇ ಎಂದು ಕೇಳಬಹುದು. ಶವ ಪಂಚನಾಮೆಯಲ್ಲಿ ಆರೋಪಿಯ ಹೆಸರು ಇಲ್ಲದೆ ‘ಅಪರಿಚಿತ’ ಎಂದಿದ್ದರೆ ಅದು ಬಹಳ ದೊಡ್ಡದು. ಗಾಯಾಳುವನ್ನು ಆಸ್ಪತ್ರೆಗೆ ಒಯ್ದವರಲ್ಲಿ ಅವರು ಇಲ್ಲದಿದ್ದರೆ, ಅವರ ಬಟ್ಟೆಗೆ ರಕ್ತ ಅಂಟಿರದಿದ್ದರೆ, ಪೊಲೀಸ್ ಹೇಳಿಕೆ ನಾಲ್ಕೈದು ದಿನ ತಡವಾಗಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ‘ಹದಿನೈದು ಅಡಿ’ ಎಂಬ ಮಾತಿನ ಮೇಲೆ. ಮರಣೋತ್ತರ ವರದಿ ತೆಗೆದು ಪ್ರವೇಶ ಗಾಯದ ವಿವರ ಓದಿ. ಕೈಬಂದೂಕಿನ ಹೊಗೆಮಸಿ ಚರ್ಮಕ್ಕೆ ಹಿಡಿಯುವುದು ಸುಮಾರು ಒಂದು ಅಡಿಯ ಒಳಗೆ. ಸುಡದೆ ಉಳಿದ ಮದ್ದಿನ ಕಣ ಚುಚ್ಚಿಕೊಂಡ ಚುಕ್ಕೆಗಳು ಹೆಚ್ಚೆಂದರೆ ಎರಡು ಮೂರು ಅಡಿಯವರೆಗೆ. ಮದ್ದು, ನಳಿಕೆಯ ಉದ್ದದ ಮೇಲೆ ಇದು ಹೆಚ್ಚುಕಡಿಮೆ ಆಗುತ್ತದೆ, ಆದರೆ ಹದಿನೈದು ಅಡಿಗೆ ಹೋಗುವುದಿಲ್ಲ. ಗಾಯದ ಸುತ್ತ ಮಸಿ ಅಥವಾ ಚುಕ್ಕೆ ಇದೆ ಎಂದು ವೈದ್ಯರು ಬರೆದಿದ್ದರೆ ಸಾಕ್ಷಿ ಕಂಡದ್ದು ಬೇರೆ, ನಡೆದದ್ದು ಬೇರೆ. ಎದೆಗೆ ಬಿದ್ದ ಗುಂಡಿನ ದಾರಿ ಮೇಲಿನಿಂದ ಕೆಳಕ್ಕೋ, ಪಕ್ಕದಿಂದಲೋ ಎಂಬುದನ್ನು ನಿಂತಿದ್ದ ಜಾಗದ ನಕ್ಷೆಗೆ ಹೊಂದಿಸಿ. ಅಂಗಿ ಜಪ್ತಿಯಾಗಿದ್ದರೆ ಅದರ ಮೇಲಿನ ತೂತಿನ ವರದಿಯೂ ಬೇಕು, ಏಕೆಂದರೆ ಮಸಿ ಬಟ್ಟೆಯಲ್ಲೇ ನಿಂತು ಚರ್ಮ ಶುಭ್ರವಾಗಿ ಉಳಿಯಬಹುದು. ಹೊಂದದಿದ್ದರೆ ಹೇಳಲು ಗಟ್ಟಿ ವಾದವಿದೆ. ಹೊಂದಿದರೆ ಈ ದಾರಿ ಬಿಟ್ಟುಬಿಡಿ. ಸಾಕ್ಷಿ ಅಂದಾಜಿನಲ್ಲಿ ಹೇಳಿದ ದೂರ ಒಂದೆರಡು ಅಡಿ ತಪ್ಪಿದರೆ ಯಾವ ಕೋರ್ಟೂ ತಲೆಕೆಡಿಸಿಕೊಳ್ಳುವುದಿಲ್ಲ.

ಒಂದು ಕಹಿ ವಿಷಯ. ಪೊಲೀಸರ ಮುಂದೆ ಕೊಟ್ಟ ಹೇಳಿಕೆಗೂ ಕೋರ್ಟಿನಲ್ಲಿ ಹೇಳಿದ್ದಕ್ಕೂ ವ್ಯತ್ಯಾಸ ಇದ್ದರೆ, ಅದನ್ನು ಪಾಟೀಸವಾಲಿನಲ್ಲಿ ಸಾಕ್ಷಿಯ ಮುಂದೆ ಇಟ್ಟು, ತನಿಖಾಧಿಕಾರಿಯಿಂದ ಒಪ್ಪಿಸಿ, ನಿ.ಡಿ. (ಆರೋಪಿ ಕಡೆಯ ದಾಖಲೆ) ಎಂದು ಗುರುತು ಮಾಡಿಸಿರಬೇಕು. ಹಾಗೆ ಮಾಡಿರದಿದ್ದರೆ ದೋಷಾರೋಪಣ ಪಟ್ಟಿಯಲ್ಲಿ ಎಷ್ಟೇ ವ್ಯತ್ಯಾಸ ಕಂಡರೂ ಹೈಕೋರ್ಟಿನಲ್ಲಿ ಅದನ್ನು ತೆರೆಯುವಂತಿಲ್ಲ. ತೀರ್ಪಿನ ಕೊನೆಯ ಪಟ್ಟಿಯಲ್ಲಿ ನಿ.ಡಿ. ಎಷ್ಟಿವೆ ಎಂದು ಒಮ್ಮೆ ನೋಡಿದರೆ ಪಾಟೀಸವಾಲು ಹೇಗೆ ನಡೆಯಿತು ಎಂಬುದು ಗೊತ್ತಾಗುತ್ತದೆ.

ಡಿ.ಸಿ. ಅನುಮತಿ

ಆಯುಧ ಕಾಯಿದೆಯ 39ನೇ ಕಲಮಿನ ಪ್ರಕಾರ, ಲೈಸೆನ್ಸ್ ಇಲ್ಲದೆ ಬಂದೂಕು ಹೊಂದಿದ 3ನೇ ಕಲಮಿನ ಉಲ್ಲಂಘನೆಗೆ ಮೊಕದ್ದಮೆ ಹೂಡುವ ಮುನ್ನ ಜಿಲ್ಲಾ ದಂಡಾಧಿಕಾರಿಯ, ಅಂದರೆ ಡಿ.ಸಿ.ಯ, ಮಂಜೂರಾತಿ ಬೇಕು. ಅದು ಇಲ್ಲದಿದ್ದರೆ, ಅಥವಾ ದೋಷಾರೋಪಣ ಪಟ್ಟಿಯನ್ನು ಕೋರ್ಟ್ ಸ್ವೀಕರಿಸಿದ ಮೇಲೆ ಬಂದಿದ್ದರೆ, ನಿಮ್ಮ ತಮ್ಮನ ಮೂರು ವರ್ಷದ ಶಿಕ್ಷೆಗೆ ಆಧಾರ ಹೋಗುತ್ತದೆ. ಕೊಲೆಗೆ ಇದರ ಸಂಬಂಧವೇ ಇಲ್ಲ. ಆಯುಧ ಬಳಸಿದ್ದಕ್ಕೆ ಕೊಟ್ಟ ಐದು ವರ್ಷ 27(1)ರದ್ದು, ಅದು 5ನೇ ಕಲಮಿನ ಉಲ್ಲಂಘನೆಗೆ ಸೇರುವುದರಿಂದ ಅದಕ್ಕೂ ಈ ಮಂಜೂರಾತಿ ಬೇಕಿಲ್ಲ. ಮಂಜೂರಾತಿ ಇದ್ದು, ಅಚ್ಚು ಹಾಕಿದ ನಮೂನೆಯಲ್ಲಿ ಹೆಸರು ತುಂಬಿ ಸಹಿ ಮಾಡಿದಂತಿದ್ದರೆ ‘ಮನಸ್ಸು ಹಾಕಿಲ್ಲ’ ಎಂದು ವಾದಿಸಬಹುದು. ಅದಕ್ಕೆ ಸರ್ಕಾರಿ ವಕೀಲರು, ನ್ಯಾಯಕ್ಕೆ ಧಕ್ಕೆಯಾಗದಿದ್ದರೆ ಮಂಜೂರಾತಿಯ ದೋಷದಿಂದ ತೀರ್ಪು ರದ್ದಾಗದು ಎಂಬ ಕಲಮು ಎತ್ತುತ್ತಾರೆ. ಪಿಸ್ತೂಲು ಕೆಲಸ ಮಾಡುವ ಸ್ಥಿತಿಯಲ್ಲಿತ್ತು ಎಂಬುದೂ ರುಜುವಾತಾಗಬೇಕು, ಎಫ್‌ಎಸ್‌ಎಲ್‌ನವರು ಅದರಿಂದಲೇ ಪರೀಕ್ಷಾರ್ಥ ಗುಂಡು ಹಾರಿಸಿದ್ದರೆ ಆ ಮಾತು ಅಲ್ಲಿಗೆ ಮುಗಿಯಿತು. 2019ರ ತಿದ್ದುಪಡಿಯ ನಂತರ, ಲೈಸೆನ್ಸ್ ಇಲ್ಲದೆ ಬಂದೂಕು ಹೊಂದಿದ್ದಕ್ಕೆ ಶಿಕ್ಷೆ ಹೇಳುವ 25(1ಬಿ)(ಎ)ಗೆ ಕನಿಷ್ಠ ಎರಡು, ಗರಿಷ್ಠ ಐದು ವರ್ಷ. ಕೊಟ್ಟ ಮೂರು ವರ್ಷ ಅದರೊಳಗೇ ಇದೆ.

ಇಲ್ಲಿ ಒಂದು ಲೆಕ್ಕ ಮುಖ್ಯ. ಕೊಲೆಯ ಶಿಕ್ಷೆ ಬಿದ್ದು, ಗುಂಡು ಹಾರಿಸಿದ್ದು ಇವನೇ ಎಂಬುದೂ ಬಿದ್ದರೆ 27(1) ಕೂಡ ನಿಲ್ಲುವುದಿಲ್ಲ. ಉಳಿಯುವುದು ಬಣವೆಯ ಪಿಸ್ತೂಲಿನ ಮೂರು ವರ್ಷ. ವಿಚಾರಣೆಯ ಕಾಲದಲ್ಲಿ ಜೈಲಿನಲ್ಲಿದ್ದ ಅವಧಿ ಶಿಕ್ಷೆಗೆ ವಜಾ ಆಗುವುದರಿಂದ ಅದು ಈಗಾಗಲೇ ತೀರಿದೆ. ಅಂದರೆ ಆಯುಧ ಕಾಯಿದೆಯ ಶಿಕ್ಷೆ ಹಾಗೇ ಉಳಿದರೂ ಅವನು ಹೊರಗೆ ಬರಬಹುದು. ಆದ್ದರಿಂದ ಶಕ್ತಿಯೆಲ್ಲ ಮಂಜೂರಾತಿಯ ಮೇಲೆ ಸುರಿಯಬೇಡಿ.

ಆಯ್ಕೆಗಳು, ಅವುಗಳ ಅಪಾಯ

ಅಪೀಲು ದಾಖಲಾದ ಕೂಡಲೇ ಶಿಕ್ಷೆ ಅಮಾನತು ಮತ್ತು ಜಾಮೀನಿಗೆ ಅರ್ಜಿ ಹಾಕಬಹುದು. ಆದರೆ ಶಿಕ್ಷೆಯಾದ ಮೇಲೆ ನಿರಪರಾಧಿ ಎಂಬ ಊಹೆ ಹಿಂದೆ ಸರಿದಿರುತ್ತದೆ. ಮೇಲ್ನೋಟಕ್ಕೇ ಎದ್ದು ಕಾಣುವ ದೋಷ ತೋರಿಸಬೇಕು, ಸಾಕ್ಷ್ಯವನ್ನು ಹೆಕ್ಕಿ ಹೆಕ್ಕಿ ತೂಗುವ ಹಂತ ಅದಲ್ಲ ಎಂದು 2023ರ ಓಂಪ್ರಕಾಶ್ ಸಾಹ್ನಿ ತೀರ್ಪು ಹೇಳುತ್ತದೆ. ನಿಮ್ಮ ಕೇಸಿನಲ್ಲಿ ಅಂಥ ದೋಷ ಯಾವುದು ಆಗಬಲ್ಲದು? ಕಾಡತೂಸು ಮತ್ತು ಪಿಸ್ತೂಲು ಒಟ್ಟಿಗೆ ಮೊಹರಾದದ್ದು, ಅಥವಾ ಹದಿನೈದು ಅಡಿಗೆ ವಿರುದ್ಧವಾದ ಮಸಿ. ಇವೆರಡೂ ಇಲ್ಲದಿದ್ದರೆ ಮೊದಲ ಅರ್ಜಿ ತಿರಸ್ಕೃತವಾಗುವ ಸಂಭವ ಹೆಚ್ಚು. ಒಮ್ಮೆ ತಿರಸ್ಕರಿಸಿದರೆ ಹೊಸ ಕಾರಣ ಇಲ್ಲದೆ ಮತ್ತೆ ಹಾಕುವುದು ಕಷ್ಟ. ಅಪೀಲು ವರ್ಷಗಟ್ಟಲೆ ವಿಚಾರಣೆಗೆ ಬಾರದಿರುವುದೇ ಆಮೇಲೆ ಕಾರಣವಾಗುತ್ತದೆ, 1977ರ ಕಶ್ಮೀರಾ ಸಿಂಗ್ ತೀರ್ಪು ಅದಕ್ಕೆ ಆಧಾರ. ದೋಷ ಸ್ಪಷ್ಟವಿಲ್ಲದಿದ್ದರೆ ಜಾಮೀನಿಗಿಂತ ಬೇಗ ವಿಚಾರಣೆ ಕೇಳುವುದೇ ಲೇಸು ಎನ್ನುವುದು ನನ್ನ ಸಲಹೆ. ಕೆಳ ಕೋರ್ಟಿನ ಮೂಲ ಕಡತ ಬಂದಿದೆಯೇ, ಪೇಪರ್ ಬುಕ್ (ನ್ಯಾಯಮೂರ್ತಿಗಳು ಓದಲು ಕಡತದಿಂದ ಮಾಡಿದ ಪ್ರತಿಗಳ ಕಟ್ಟು) ಸಿದ್ಧವಾಗಿದೆಯೇ ಎಂದು ಬೆನ್ನು ಹತ್ತಿ. ಎಷ್ಟೋ ಅಪೀಲುಗಳು ಇಲ್ಲೇ ನಿಂತಿರುತ್ತವೆ.

ಕೊಲೆಯ 302ರಿಂದ, ಕೊಲೆಯಲ್ಲದ ನರಹತ್ಯೆಯ 304ಕ್ಕೆ ಇಳಿಸಲು ಕೇಳಬಹುದೇ? ದಿಢೀರ್ ಜಗಳದಲ್ಲಿ, ಮುಂಚಿನ ಸಿದ್ಧತೆಯಿಲ್ಲದೆ ಆದದ್ದು ಎಂದು ತೋರಿಸಬೇಕು. ಲೈಸೆನ್ಸ್ ಇಲ್ಲದ ಪಿಸ್ತೂಲು ಸೊಂಟದಲ್ಲಿಟ್ಟುಕೊಂಡು ದಾಬಾಕ್ಕೆ ಹೋದವನಿಗೆ ಈ ವಾದ ಸುಲಭವಲ್ಲ. ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ‘ಹೊಡೆದದ್ದು ಹೌದು, ಆದರೆ ಬೇಕೆಂದು ಅಲ್ಲ’ ಎಂಬ ಮಾತಿಗೂ ‘ನಾನು ಅಲ್ಲಿರಲೇ ಇಲ್ಲ’ ಎಂಬ ಮಾತಿಗೂ ಹೊಂದಿಕೆಯಿಲ್ಲ. ಪರ್ಯಾಯ ವಾದವಾಗಿ ಇಡಲು ಕಾನೂನಿನಲ್ಲಿ ಅಡ್ಡಿಯಿಲ್ಲ, ಆದರೆ ಮೊದಲನೆಯ ವಾದದ ಧ್ವನಿ ತಗ್ಗುತ್ತದೆ. ಕಡತ ಪೂರ್ತಿ ಓದಿದ ಮೇಲೆ ವಕೀಲರೇ ನಿರ್ಧರಿಸಲಿ, ಮೊದಲ ದಿನವೇ ಒತ್ತಾಯಿಸಬೇಡಿ.

ತಿರುಗಿಬಿದ್ದ ಸಾಕ್ಷಿಯ ಅಫಿಡವಿಟ್ ವಿಷಯ: ದಯವಿಟ್ಟು ಅವರಿಂದ ದೂರ ಇರಿ. ಅಪೀಲಿನಲ್ಲಿ ಹೆಚ್ಚುವರಿ ಸಾಕ್ಷ್ಯಕ್ಕೆ ಅವಕಾಶ ಇದೆ, ಹಳೆಯ 391, ಹೊಸ 432. ಆದರೆ ಅದು ನ್ಯಾಯಕ್ಕೆ ಅತ್ಯಗತ್ಯ ಎಂದು ಕೋರ್ಟಿಗೆ ಅನಿಸಿದಾಗ ಮಾತ್ರ. ಕೋರ್ಟಿನಲ್ಲಿ ಪ್ರಮಾಣ ಮಾಡಿ ‘ಗೊತ್ತಿಲ್ಲ’ ಎಂದವರು ಈಗ ‘ಗೊತ್ತು, ಅವನಲ್ಲ’ ಎಂದರೆ ಕೋರ್ಟ್ ಮೊದಲು ಕೇಳುವುದು ಅವರನ್ನು ಕಂಡವರು ಯಾರು ಎಂದು. ನಿಮ್ಮ ಕಡೆಯವರು ಒತ್ತಡ ಹಾಕಿದರು ಎಂಬ ದೂರು ಬಂದರೆ ಹೊಸ ಕೇಸು, ಜಾಮೀನೂ ದೂರ. ಅವರಿಗೂ ಸುಳ್ಳು ಸಾಕ್ಷ್ಯದ ಆರೋಪ ಬರಬಹುದು. ಅವರು ಸುಮ್ಮನಿದ್ದಷ್ಟೂ ನಿಮಗೆ ಲಾಭ, ಏಕೆಂದರೆ ಕಡತದಲ್ಲಿ ಈಗ ಅವರು ಪ್ರಾಸಿಕ್ಯೂಷನ್‌ಗೆ ಸಹಾಯ ಮಾಡದ ಸಾಕ್ಷಿಗಳು. ಒಂದು ಎಚ್ಚರ ಮಾತ್ರ: ತಿರುಗಿಬಿದ್ದ ಸಾಕ್ಷಿಯ ಮಾತು ಪೂರ್ತಿ ಅಳಿಸಿಹೋಗುವುದಿಲ್ಲ. ಅವರು ‘ಆ ರಾತ್ರಿ ದಾಬಾದಲ್ಲಿ ಗುಂಡಿನ ಸದ್ದು ಕೇಳಿತು’ ಎಂದಿದ್ದರೆ ಅಷ್ಟು ಭಾಗ ಬಳಕೆಯಾಗುತ್ತದೆ.

ದಾಬಾದ ಸಿಸಿಟಿವಿ ಬಗ್ಗೆ ನೀವು ಬರೆದಿಲ್ಲ. ದೃಶ್ಯ ಇದ್ದು ಅದನ್ನು ಸಿ.ಡಿ. ಮಾಡಿ ಕೊಟ್ಟಿದ್ದರೆ ಇಂಥ ವಿದ್ಯುನ್ಮಾನ ಸಾಕ್ಷ್ಯಕ್ಕೆ ಹಳೆಯ ಸಾಕ್ಷ್ಯ ಅಧಿನಿಯಮ ಕೇಳುವ 65ಬಿ ಪ್ರಮಾಣಪತ್ರ ಇದೆಯೇ ನೋಡಿ, ಅದು ಕಡ್ಡಾಯ ಎಂದು 2020ರ ಅರ್ಜುನ್ ಪಂಡಿತರಾವ್ ತೀರ್ಪು ಹೇಳಿದೆ.

ವಕೀಲರ ಖರ್ಚು ಭಾರವಾದರೆ ನಾಚಿಕೆ ಬೇಡ. ಬಂಧನದಲ್ಲಿರುವ ವ್ಯಕ್ತಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಹಕ್ಕು. ಜೈಲಿನ ಅಧೀಕ್ಷಕರ ಮೂಲಕವೇ ಅಪೀಲು ಕಳಿಸಬಹುದು, ಹೈಕೋರ್ಟ್ ಕಾನೂನು ಸೇವಾ ಸಮಿತಿ ವಕೀಲರನ್ನು ನೇಮಿಸುತ್ತದೆ. 15100ಕ್ಕೆ ಕರೆ ಮಾಡಿದರೆ ದಾರಿ ತೋರಿಸುತ್ತಾರೆ. ಖಾಸಗಿ ವಕೀಲರನ್ನು ನೇಮಿಸುವುದಾದರೆ ವಕಾಲತ್ತಿಗೆ ತಮ್ಮನ ಸಹಿಯನ್ನು ಜೈಲಿನಲ್ಲೇ ಹಾಕಿಸಿ, ಅಧಿಕಾರಿಯ ದೃಢೀಕರಣ ಪಡೆಯಬೇಕು. ವಕೀಲರ ಮನೆಗೆ ಹೋಗುವಾಗ ತೀರ್ಪಿನ ಜೊತೆಗೆ ಎಲ್ಲ ಸಾಕ್ಷಿಗಳ ಹೇಳಿಕೆ, ಮೇಲೆ ಹೇಳಿದ ಐದು ಕಾಗದ, ಮರಣೋತ್ತರ ವರದಿ, 313 ಹೇಳಿಕೆ, ಡಿ.ಸಿ. ಮಂಜೂರಾತಿ ಆದೇಶ, ಹೊಲದ ಪಹಣಿ ಒಯ್ಯಿರಿ. ದೃಢೀಕೃತ ನಕಲು ಸಿಗಲು ತಡವಾಗುವಂತಿದ್ದರೆ, ಹಳೆಯ ವಕೀಲರ ಬಳಿ ಇರುವ ಸಾದಾ ಪ್ರತಿಯಾದರೂ ಇರಲಿ. ಅಪೀಲು ತಯಾರಿ ಅದರಿಂದಲೇ ಶುರುವಾಗಲಿ.